ಎರಡು ಚದುರಂಗಗಳನ್ನು ಬಲ್ಲ ಸುಲ್ತಾನ್ ಖಾನ್

ಚದುರಂಗವು ನಮ್ಮ ದೇಶದಲ್ಲಿ ಹುಟ್ಟಿ, ಪಾರಸಿಕರ ಕೈಯಿಂದ ಅರಬರ ಕೈಗೆ ದಾಟಿ, ಅಲ್ಲಿಂದ ಯೂರೋಪನ್ನು ಸೇರಿದ ಆಟವೆಂಬುದನ್ನು ವಾಚಕರು ಬಲ್ಲರು. ಆದರೆ ಹೊರಗೆ ಹೋದ ಆಟವು ಹೋದಂತೆಯೇ ಉಳಿಯಲಿಲ್ಲ. ಹದಿನೈದನೆಯ ಶತಮಾನವು ಮುಗಿಯುವ ವೇಳೆಗೆ ಯೂರೋಪಿನವರು ಅದರ ಕಟ್ಟಳೆಗಳನ್ನು ಬಹುಮಟ್ಟಿಗೆ ತಿದ್ದಿದ್ದರು. ಒಂದೊಂದೇ ಮನೆ ಸರಿಯುತ್ತಿದ್ದ ಮಂತ್ರಿಯು ಹಲಗೆಯ ಈ ಅಂಚಿನಿಂದ ಆ ಅಂಚಿಗೆ ಸಾಗಬಲ್ಲ ಮಹಾಬಲನಾದನು. ಒಂಟೆಗೆ ಉದ್ದದ ಓಟ ಬಂದಿತು. ಕಾಲಾಳಿಗೆ ಮೊದಲ ನಡೆಯಲ್ಲಿ ಎರಡು ಮನೆ ಮುಂದಕ್ಕೆ ಇಡುವ ಹಕ್ಕು ದೊರೆಯಿತು. ರಾಜನೂ ಆನೆಯೂ ಒಂದೇ ನಡೆಯಲ್ಲಿ ಸ್ಥಾನ ಬದಲಿಸಿ ರಾಜನು ಕೋಟೆಯನ್ನು ಸೇರುವ ಉಪಾಯವು ಅನಂತರ ಸ್ಥಿರವಾಯಿತು. ಈ ಮಾರ್ಪಾಟುಗಳಲ್ಲಿ ಮಂತ್ರಿಯ ಮತ್ತು ಒಂಟೆಯ ಹೊಸ ಬಲವು ಕಾಲಕ್ರಮದಲ್ಲಿ ನಮ್ಮಲ್ಲಿಗೂ ಬಂದಿತು; ಉಳಿದವು ಬರಲಿಲ್ಲ. ಹೀಗಾಗಿ ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಭಾರತದಲ್ಲಿ ಒಂದೇ ಹೆಸರಿನ ಎರಡು ಆಟಗಳಿದ್ದವು. ಊರಿನ ಜಗಲಿಗಳ ಮೇಲೆ ದೇಶೀಯ ಚದುರಂಗ, ಆಂಗ್ಲರ ಕ್ಲಬ್ಬುಗಳಲ್ಲಿ ಪಾಶ್ಚಾತ್ಯ ಚದುರಂಗ.

ಮೊದಲನೆಯದನ್ನು ಬಾಲ್ಯದಲ್ಲಿ ಕಲಿತು, ಎರಡನೆಯದನ್ನು ಇಪ್ಪತ್ತು ದಾಟಿದ ಮೇಲೆ ಅಭ್ಯಾಸ ಮಾಡಿ, ಮೂರು ಬಾರಿ ಬ್ರಿಟನ್ನಿನ ರಾಷ್ಟ್ರೀಯ ವಿಜೇತನಾದ ಒಬ್ಬನ ಚರಿತ್ರೆಯನ್ನು ಇಲ್ಲಿ ಹೇಳಹೊರಟಿದ್ದೇವೆ. ಆತನು ಮೀರ್ ಸುಲ್ತಾನ್ ಖಾನ್. ಆತನ ಜೀವನದಷ್ಟೇ ಸ್ವಾರಸ್ಯವಾದುದು ಆತನು ದಾಟಿದ ಹೊಳೆ ಎಷ್ಟು ಅಗಲವಾಗಿದ್ದಿತು ಎಂಬ ಪ್ರಶ್ನೆ. (ಮೂಲೆಯ ಕಾಯಿಯನ್ನು ಆನೆಯೆಂದೂ, ಓರೆಯಾಗಿ ಓಡುವುದನ್ನು ಒಂಟೆಯೆಂದೂ, ಮುಂದಿನ ಸಾಲಿನ ಸಣ್ಣ ಕಾಯಿಗಳನ್ನು ಕಾಲಾಳುಗಳೆಂದೂ ಇಲ್ಲಿ ಕರೆದಿದ್ದೇವೆ. ಬೇರೆ ಹೆಸರುಗಳನ್ನು ರೂಢಿಸಿಕೊಂಡಿರುವವರು ಹೊಂದಿಸಿಕೊಂಡು ಓದಬೇಕು.)

ಸುಲ್ತಾನ್ ಖಾನನು ಹುಟ್ಟಿದುದು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ಅಂದಿನ ಅವಿಭಕ್ತ ಪಂಜಾಬಿನ ಮಿಠಾ ಟಿವಾಣಾ ಎಂಬ ಊರಿನ ಆಸುಪಾಸಿನಲ್ಲಿ. ಆ ಪ್ರದೇಶವು ಇಂದು ಪಾಕಿಸ್ತಾನಕ್ಕೆ ಸೇರಿದೆ. ಒಂಬತ್ತನೆಯ ವಯಸ್ಸಿನ ಸುಮಾರಿಗೆ ತಂದೆಯಿಂದ ದೇಶೀಯ ಆಟವನ್ನು ಕಲಿತ ಹುಡುಗನು ಇಪ್ಪತ್ತೊಂದನೆಯ ವಯಸ್ಸಿಗೆ ಪಂಜಾಬಿನ ಅತಿ ಬಲಿಷ್ಠ ಆಟಗಾರನೆನಿಸಿದನು. ಆ ಪ್ರಾಂತದ ದೊಡ್ಡ ಜಮೀನುದಾರನೂ ಸೇನಾಧಿಕಾರಿಯೂ ಆಗಿದ್ದ ಸರ್ ಉಮರ್ ಹಯಾತ್ ಖಾನನಿಗೆ ಚದುರಂಗದಲ್ಲಿ ಬಹಳ ಆಸಕ್ತಿ. ಆತನು ಈ ಯುವಕನನ್ನು ತನ್ನ ಮನೆವಾರ್ತೆಯೊಳಕ್ಕೆ ಸೇರಿಸಿಕೊಂಡು ಪಾಶ್ಚಾತ್ಯ ಕಟ್ಟಳೆಗಳನ್ನು ಕಲಿಸುವ ಏರ್ಪಾಡು ಮಾಡಿದನು. ಕಲಿಕೆ ವ್ಯರ್ಥವಾಗಲಿಲ್ಲ. 1928ರ ಅಖಿಲ ಭಾರತ ಪಂದ್ಯದಲ್ಲಿ ಸುಲ್ತಾನ್ ಖಾನನು ಒಂಬತ್ತು ಆಟಗಳಲ್ಲಿ ಎಂಟನ್ನು ಗೆದ್ದು, ಒಂದನ್ನು ಸಮ ಮಾಡಿಕೊಂಡು, ಒಂದನ್ನೂ ಸೋಲದೆ ಪ್ರಥಮನಾದನು.

ರಾಜರ ಆಶ್ರಯದಲ್ಲಿ ಚದುರಂಗ ಬೆಳೆದುದು ನಮ್ಮ ನಾಡಿಗೆ ಹೊಸತಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಸ್ವತಃ ಚದುರಂಗದ ಚಮತ್ಕಾರಗಳನ್ನು ರಚಿಸುತ್ತಿದ್ದರು. ಕುದುರೆಯು ಯಾವ ಮನೆಯನ್ನೂ ಎರಡನೆಯ ಸಲ ಮೆಟ್ಟದೆ 64 ಮನೆಗಳನ್ನೂ ಸುತ್ತಿಬರುವ ಅವರ ಬಂಧಗಳನ್ನು ಗಣಿತಜ್ಞರು ಇಂದಿಗೂ ಮೆಚ್ಚುತ್ತಾರೆ. ಆದರೆ ಉಮರ್ ಹಯಾತ್ ಖಾನನ ಆಶ್ರಯವು ಬೇರೊಂದು ಬಗೆಯದು. ಭಾರತಮಂತ್ರಿಯ ಪರಿಷತ್ತಿನ ಸದಸ್ಯನಾಗಿ ಆತನು 1929ರಲ್ಲಿ ಲಂಡನ್ನಿಗೆ ಹೊರಟಾಗ ಸುಲ್ತಾನ್ ಖಾನನನ್ನೂ ಜೊತೆಯಲ್ಲಿ ಕರೆದೊಯ್ದನು. ಆಟಗಾರನು ಎಲ್ಲಿರಬೇಕು, ಎಷ್ಟು ಕಾಲ ಇರಬೇಕು, ಯಾವಾಗ ಹಿಂದಿರುಗಬೇಕು ಎಂಬುದೆಲ್ಲವೂ ಆಶ್ರಯದಾತನ ಪ್ರಯಾಣಕ್ಕೆ ಕಟ್ಟುಬಿದ್ದಿದ್ದಿತು.

ಲಂಡನ್ನಿನಲ್ಲಿ ಆತನ ಅಭ್ಯಾಸಕ್ಕೆಂದೇ ಒಂದು ಸಣ್ಣ ಪಂದ್ಯಾವಳಿಯನ್ನು ಏರ್ಪಡಿಸಿದರು. ಫಲಿತಾಂಶ ನಿರಾಶಾದಾಯಕವಾಗಿದ್ದಿತು. ಭಾರತದ ವಿಜೇತನು ಇನ್ನೊಬ್ಬನೊಡನೆ ಕಡೆಯ ಸ್ಥಾನವನ್ನು ಹಂಚಿಕೊಂಡನು. ಇದಕ್ಕೆ ಕಾರಣವೇನು? ಅದನ್ನು ತಿಳಿಯಬೇಕಾದರೆ ಎರಡು ಆಟಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಹಲಗೆಯ ಮೇಲೆ ಕಾಯಿಗಳನ್ನು ಜೋಡಿಸಿ ಮೊದಲ ನಡೆಯನ್ನು ಎಣಿಸೋಣ. ಪಾಶ್ಚಾತ್ಯ ಆಟದಲ್ಲಿ ಎಂಟು ಕಾಲಾಳುಗಳಲ್ಲಿ ಪ್ರತಿಯೊಂದಕ್ಕೂ ಎರಡು ನಡೆಗಳು ಸಾಧ್ಯ, ಎರಡು ಕುದುರೆಗಳಿಗೂ ಎರಡೆರಡು, ಒಟ್ಟು 20. ದೇಶೀಯ ಆಟದಲ್ಲಿ ಕಾಲಾಳು ಮೊದಲಿನಿಂದಲೂ ಒಂದೇ ಮನೆ ನಡೆಯುವುದರಿಂದ 12 ಮಾತ್ರ. ಎದುರಾಳಿಯೂ ಒಂದು ನಡೆ ನಡೆದ ಮೇಲೆ ಮೊದಲನೆಯದರಲ್ಲಿ 400 ಕ್ರಮಗಳಾದರೆ ಎರಡನೆಯದರಲ್ಲಿ 144. ಪಾಶ್ಚಾತ್ಯ ಆಟದಲ್ಲಿ ಇಬ್ಬರೂ ಎರಡೆರಡು ನಡೆ ಮುಗಿಸುವಷ್ಟರಲ್ಲಿ ಈ ಸಂಖ್ಯೆ 1,97,281ಕ್ಕೆ ಏರುತ್ತದೆ. ಆದರೆ ಸಂಖ್ಯೆಗಿಂತಲೂ ವೇಗವು ಮುಖ್ಯ. ಪಾಶ್ಚಾತ್ಯ ಆಟದಲ್ಲಿ ಎರಡೇ ನಡೆಗಳಲ್ಲಿ ಎರಡು ಕಾಲಾಳುಗಳನ್ನು ಹಲಗೆಯ ಮಧ್ಯಕ್ಕೆ ತಂದು ನಿಲ್ಲಿಸಬಹುದು. ಎರಡನೆಯ ನಡೆಯಲ್ಲಿಯೇ ಹೊಡೆದಾಟ ಆರಂಭವಾಗಬಹುದು. ದೇಶೀಯ ಆಟದಲ್ಲಿ ಅದೇ ಕೆಲಸಕ್ಕೆ ನಾಲ್ಕು ನಡೆಗಳು ಬೇಕು. ಸೇನೆಗಳು ಮುಖಾಮುಖಿಯಾಗುವ ಮೊದಲು ಇಬ್ಬರಿಗೂ ವ್ಯೂಹವನ್ನು ಸಾವಕಾಶವಾಗಿ ಕಟ್ಟಿಕೊಳ್ಳುವ ಅವಕಾಶವಿದೆ. ರಾಜನಿಗೆ ಕೋಟೆ ಸೇರುವ ಉಪಾಯವಿಲ್ಲ; ಅದರ ಬದಲು ಆಟದಲ್ಲಿ ಒಂದೇ ಒಂದು ಬಾರಿ ಕುದುರೆಯಂತೆ ನೆಗೆಯಬಹುದು. ಇದರಿಂದ ರಾಜನೇನೋ ಸರಿಯುತ್ತಾನೆ, ಆದರೆ ಮೂಲೆಯ ಆನೆಯು ಮೂಲೆಯಲ್ಲಿಯೇ ಉಳಿಯುತ್ತದೆ. (ಈ ಕಟ್ಟಳೆಗಳಲ್ಲಿ ಪ್ರಾಂತದಿಂದ ಪ್ರಾಂತಕ್ಕೆ ಸಣ್ಣ ಭೇದಗಳಿದ್ದವು.)

ಆಟದ ಕೊನೆಯಲ್ಲಿಯೂ ಒಂದು ದೊಡ್ಡ ವ್ಯತ್ಯಾಸವಿದೆ. ಪಾಶ್ಚಾತ್ಯ ಆಟದಲ್ಲಿ ಎದುರಂಚನ್ನು ಮುಟ್ಟಿದ ಕಾಲಾಳು ಯಾವ ಸಾಲಿನಲ್ಲಿ ಬಂದಿದ್ದರೂ ಮಂತ್ರಿಯಾಗಬಹುದು. ದೇಶೀಯ ಆಟದಲ್ಲಿ ಅದು ಯಾವ ಸಾಲಿನಲ್ಲಿ ಮುಟ್ಟಿತೋ ಆ ಸಾಲಿನ ಮೂಲ ಕಾಯಿ ಮಾತ್ರ ಆಗುತ್ತದೆ. ಕುದುರೆಯ ಸಾಲಿನಲ್ಲಿ ಬಂದುದು ಕುದುರೆ. ಉಳಿದೆಲ್ಲವೂ ಸತ್ತು ರಾಜನೊಡನೆ ಒಂದು ಕುದುರೆ ಮಾತ್ರ ಉಳಿದರೆ ಎದುರಾಳಿಯ ರಾಜನನ್ನು ಕಟ್ಟಿಹಾಕುವುದು ಸಾಧ್ಯವಿಲ್ಲ. ಅಂದಮೇಲೆ, ಒಂದು ಆಟದಲ್ಲಿ ಗೆಲುವನ್ನೇ ತಂದುಕೊಡುವ ಒಂದು ಕಾಲಾಳಿನ ಹೆಚ್ಚಳವು ಇನ್ನೊಂದರಲ್ಲಿ ಏನೂ ಅಲ್ಲದೆ ಹೋಗಬಹುದು. ಎರಡು ಆಟಗಳ ನಾಣ್ಯದ ಬೆಲೆಯೇ ಬೇರೆಯೆಂದರೆ ತಪ್ಪಾಗಲಾರದು.

ಇಷ್ಟೆಲ್ಲ ಭೇದವಿದ್ದರೂ ಸುಲ್ತಾನ್ ಖಾನನು ಯೂರೋಪಿನಲ್ಲಿ ಕೀರ್ತಿ ಪಡೆದುದು ಆಟದ ಕೊನೆಯ ಭಾಗದಲ್ಲಿ, ಎಂದರೆ ಅಂತ್ಯದಾಟದಲ್ಲಿ, ಕಷ್ಟಪಟ್ಟುದು ಆರಂಭದಲ್ಲಿ. ಈ ವಿಷಮತೆಗೆ ಮನಶ್ಶಾಸ್ತ್ರವು ಸ್ವಲ್ಪ ಬೆಳಕು ಚೆಲ್ಲುತ್ತದೆ. ಹಾಲೆಂಡಿನ ಅಡ್ರಿಯಾನ್ ಡ ಖ್ರೋಟ್ ಎಂಬ ವಿದ್ವಾಂಸನು 1938ರಿಂದ ಮೊದಲುಮಾಡಿ ಶ್ರೇಷ್ಠ ಆಟಗಾರರ ಆಲೋಚನಾಕ್ರಮವನ್ನು ಪರೀಕ್ಷಿಸಿದನು. ಮಹಾ ಆಟಗಾರರು ಉಳಿದವರಿಗಿಂತ ಬಹಳ ಹೆಚ್ಚು ನಡೆಗಳನ್ನು ಮುಂದಾಗಿ ಎಣಿಸುತ್ತಾರೆಂಬ ಸಾಮಾನ್ಯ ನಂಬಿಕೆಯನ್ನು ಆತನ ಪರೀಕ್ಷೆಗಳು ಸಮರ್ಥಿಸಲಿಲ್ಲ. ಹಲಗೆಯನ್ನು ನೋಡಿದ ಕ್ಷಣದಲ್ಲಿಯೇ ಅವರಿಗೆ ಮುಖ್ಯವಾದುದು ಕಾಣಿಸುತ್ತಿದ್ದಿತು. 1973ರಲ್ಲಿ ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಎಂಬವರು ಇದನ್ನು ಮತ್ತಷ್ಟು ಶೋಧಿಸಿದರು. ನಿಜವಾದ ಆಟವೊಂದರ ನಡುವಿನ ಸ್ಥಿತಿಯನ್ನು ಐದು ಸೆಕೆಂಡುಗಳ ಕಾಲ ತೋರಿಸಿ ಮುಚ್ಚಿದರೆ, ನಿಪುಣನು ಸುಮಾರು ಇಪ್ಪತ್ತೈದು ಕಾಯಿಗಳಲ್ಲಿ ಹದಿನಾರರಷ್ಟನ್ನು ಸರಿಯಾದ ಮನೆಗಳಲ್ಲಿ ಇಡುತ್ತಿದ್ದನು, ಹೊಸಬನು ನಾಲ್ಕರಷ್ಟನ್ನು. ಆದರೆ ಕಾಯಿಗಳನ್ನು ಮನಬಂದಂತೆ ಚೆಲ್ಲಿ ತೋರಿಸಿದಾಗ ನಿಪುಣನ ಮೇಲುಗೈ ಬಹುಮಟ್ಟಿಗೆ ಕರಗಿಹೋಯಿತು. ನಿಪುಣನು ಬಿಡಿ ಕಾಯಿಗಳನ್ನು ನೋಡುವುದಿಲ್ಲ, ನಾವು ಅಕ್ಷರಗಳನ್ನು ಬಿಟ್ಟು ಪದಗಳನ್ನು ಓದುವಂತೆ ಪರಿಚಿತವಾದ ಗುಂಪುಗಳನ್ನು ನೋಡುತ್ತಾನೆ.

ಈಗ ಸುಲ್ತಾನ್ ಖಾನನ ಪಾಡನ್ನು ಊಹಿಸಿಕೊಳ್ಳಿರಿ. ಎರಡು ಆಟಗಳಲ್ಲಿಯೂ ಕಾಯಿಗಳು ನಡೆಯುವ ರೀತಿ ಹೆಚ್ಚುಕಡಮೆ ಒಂದೇ ಆದುದರಿಂದ ಆಟವು ನಡುವಿಗೆ ಬಂದ ಮೇಲೆ ಆತನಿಗೆ ಪರಿಚಿತವಾದ ಗುಂಪುಗಳು ಕಣ್ಣಿಗೆ ಬೀಳುತ್ತಿದ್ದವು. ಆದರೆ ಪಾಶ್ಚಾತ್ಯ ಆಟದ ಮೊದಲ ಹತ್ತು ಹದಿನೈದು ನಡೆಗಳಲ್ಲಿ ಹುಟ್ಟುವ ಸ್ಥಿತಿಗಳು ದೇಶೀಯ ಆಟದಲ್ಲಿ ಹುಟ್ಟಲಾರವು. ಅವುಗಳ ಯಾವ ಭಂಡಾರವೂ ಆತನ ನೆನಪಿನಲ್ಲಿ ಇರಲಿಲ್ಲ. ಇನ್ನೊಂದು ಮಾತನ್ನೂ ಸೇರಿಸಬೇಕು. ಅಂತ್ಯದಾಟದಲ್ಲಿ ಕಾಯಿಗಳು ಕೆಲವೇ. ಕುಳಿತಲ್ಲಿಯೇ ಲೆಕ್ಕ ಹಾಕಿ ಹೊಸ ಬೆಲೆಗಳನ್ನು ಕಂಡುಕೊಳ್ಳಬಹುದು. ಆರಂಭದಾಟವಾದರೋ ತಲೆತಲಾಂತರದ ಆಟಗಾರರು ಸೋತು ಗೆದ್ದು ಗ್ರಂಥಗಳಲ್ಲಿ ಬರೆದಿಟ್ಟ ಅನುಭವ. ಒಬ್ಬನು ಎಷ್ಟೇ ಬುದ್ಧಿವಂತನಾಗಿದ್ದರೂ ಗಡಿಯಾರ ಓಡುತ್ತಿರುವಾಗ ಅದನ್ನೆಲ್ಲ ಒಂದು ಗಂಟೆಯಲ್ಲಿ ಹೊಸದಾಗಿ ಸೃಷ್ಟಿಸಲಾರನು. ಆ ಗ್ರಂಥಗಳಿದ್ದ ಭಾಷೆಗಳು ಆತನಿಗೆ ಅಪರಿಚಿತವಾಗಿದ್ದವೆಂದೇ ಅಂದಿನವರು ಬರೆದಿದ್ದಾರೆ.

ಅಭ್ಯಾಸದ ಪಂದ್ಯದಲ್ಲಿ ಆತನನ್ನು ಹಿಂದೆ ಹಾಕಿದ್ದ ವಿಲಿಯಂ ವಿಂಟರ್ ಮತ್ತು ಫ್ರೆಡರಿಕ್ ಯೇಟ್ಸ್ ಎಂಬ ಇಬ್ಬರು ಆಂಗ್ಲ ಆಟಗಾರರೇ ಆತನಿಗೆ ಆರಂಭದಾಟವನ್ನು ಕಲಿಸಲು ಮುಂದೆ ಬಂದರು. ಇದು ಸ್ಮರಿಸಬೇಕಾದ ಸಂಗತಿ. ಏಕೆಂದರೆ ಕೆಲವೇ ವಾರಗಳ ಈ ಪಾಠದ ಅನಂತರ, 1929ರ ಬೇಸಿಗೆಯಲ್ಲಿ ರಾಮ್ಸ್‌ಗೇಟ್ ಎಂಬಲ್ಲಿ ನಡೆದ ಬ್ರಿಟಿಷ್ ರಾಷ್ಟ್ರೀಯ ಪಂದ್ಯದಲ್ಲಿ ಸುಲ್ತಾನ್ ಖಾನನು ಪ್ರಥಮ ಸ್ಥಾನ ಪಡೆದನು. ಸಾಮ್ರಾಜ್ಯದ ಪ್ರಜೆಗಳಿಗೆಲ್ಲ ತೆರೆದಿದ್ದ ಆ ಪಂದ್ಯವನ್ನು ಪಂಜಾಬಿನಿಂದ ಬಂದವನೊಬ್ಬನು ಗೆಲ್ಲುವನೆಂದು ಯಾರೂ ನಿರೀಕ್ಷಿಸಿರಲಿಲ್ಲ. ಗೆದ್ದ ಸ್ವಲ್ಪ ಕಾಲದಲ್ಲಿಯೇ ಆತನು ಭಾರತಕ್ಕೆ ಮರಳಿ, 1930ರ ಮೇ ತಿಂಗಳಲ್ಲಿ ಮತ್ತೆ ಯೂರೋಪಿಗೆ ಬಂದನು. ಮುಂದಿನ ಮೂರೂವರೆ ವರ್ಷಗಳೇ ಆತನ ಅಂತರರಾಷ್ಟ್ರೀಯ ಜೀವನದ ಮುಖ್ಯ ಭಾಗ.

1930ರಲ್ಲಿ ಬೆಲ್ಜಿಯಮಿನ ಲೀಯೇಜ್ ಪಂದ್ಯಾವಳಿಯಲ್ಲಿ ಟಾರ್ಟಕೋವರನ ಹಿಂದೆ ಎರಡನೆಯವನಾದನು. ಆ ವರ್ಷದ ಕೊನೆಯಲ್ಲಿ ಆರಂಭವಾದ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಯೂವೆ ಮೊದಲಿಗ, ಕಾಪಾಬ್ಲಾಂಕಾ ಎರಡನೆಯವ, ಸುಲ್ತಾನ್ ಖಾನ್ ಮೂರನೆಯವ. ಈ ಪಂದ್ಯಾವಳಿಯ ಒಂದು ಆಟದ ಬಳಿ ನಾವು ಸ್ವಲ್ಪ ಹೊತ್ತು ನಿಲ್ಲಬೇಕು.

ಕ್ಯೂಬಾದ ಹೋಸೆ ರಾವುಲ್ ಕಾಪಾಬ್ಲಾಂಕಾ 1921ರಿಂದ 1927ರವರೆಗೆ ಜಗಜ್ಜೇತನಾಗಿದ್ದವನು. 1916ರಿಂದ 1924ರವರೆಗೆ ಎಂಟು ವರ್ಷಗಳ ಕಾಲ ಒಂದು ಆಟವನ್ನೂ ಸೋಲದಿದ್ದವನು. ಅಂತ್ಯದಾಟದಲ್ಲಿ ಆತನಿಗೆ ಸಮನಿಲ್ಲವೆಂದು ಪ್ರತೀತಿ. ಬಿಳಿಯ ಕಾಯಿಗಳನ್ನು ಹಿಡಿದ ಸುಲ್ತಾನ್ ಖಾನನು ಐದನೆಯ ನಡೆಯಲ್ಲಿ ತನ್ನ ಎಡಗಡೆಯ ಅಂಚಿನ ಕಾಲಾಳನ್ನು ಒಂದೇ ಒಂದು ಮನೆ ಮುಂದಕ್ಕೆ ಸರಿಸಿದನು. ನೋಡುವವರಿಗೆ ನಿರುಪಯುಕ್ತವೆಂದು ತೋರಬಹುದಾದ ಈ ಪುಟ್ಟ ನಡೆಯು ಎದುರಾಳಿಯ ಒಂಟೆಗೆ ಒಂದು ಮುಖ್ಯವಾದ ಮನೆಯನ್ನು ಮುಚ್ಚುತ್ತದೆ. ಮುಂದೆ 1963ರಲ್ಲಿ ಜಗಜ್ಜೇತನಾದ ಟಿಗ್ರಾನ್ ಪೆಟ್ರೋಸಿಯನ್ ಇದೇ ಬಗೆಯ ಆರಂಭದಲ್ಲಿ ಈ ನಡೆಯನ್ನು ಮತ್ತೆ ಮತ್ತೆ ಆಡಿದುದರಿಂದ ಆ ಪದ್ಧತಿಗೆ ಇಂದು ಆತನ ಹೆಸರೇ ನಿಂತಿದೆ. ಕಾಲಾಳನ್ನು ಒಂದೊಂದೇ ಮನೆ ನಡೆಸಿ ಬೆಳೆದ ಕೈಗೆ ಅದು ಸಹಜವಾಗಿ ಒದಗಿತೆಂದು ಹೇಳುವ ಆಸೆ ನಮಗಾಗುತ್ತದೆ. ಅದು ಆಸೆಯೇ ಹೊರತು ಪ್ರಮಾಣವಲ್ಲ.

ಆಟ ಮುಂದುವರಿದು, ಇಪ್ಪತ್ತನೆಯ ನಡೆಯ ಹೊತ್ತಿಗೆ ಕಾಪಾಬ್ಲಾಂಕಾ ತೆರೆದ ಸಾಲೊಂದರಲ್ಲಿ ಎರಡು ಆನೆಗಳನ್ನೂ ಒಂದರ ಹಿಂದೊಂದಾಗಿ ನಿಲ್ಲಿಸಿದ್ದನು. ಮರುಕ್ಷಣದಲ್ಲಿ ಅವು ಒಳನುಗ್ಗಿದವು. ಸುಲ್ತಾನ್ ಖಾನನ ಮಂತ್ರಿ ಹೋಯಿತು. ಬದಲಿಗೆ ಎರಡು ಆನೆಗಳೂ ಆತನ ವಶವಾದವು. ಮಂತ್ರಿಯ ಬೆಲೆ ಒಂಬತ್ತು, ಆನೆಯದು ಐದು ಎಂಬ ಸಾಮಾನ್ಯ ಗಣನೆಯಂತೆ ಇದು ಒಂಬತ್ತಕ್ಕೆ ಹತ್ತನ್ನು ಪಡೆದಂತೆ. ಆದರೆ ಗಣನೆ ಬೇರೆ, ಹಲಗೆ ಬೇರೆ. ಬಯಲಿಗೆ ಬಂದ ರಾಜನನ್ನು ಒಂಟಿ ಮಂತ್ರಿಯು ಚೆಕ್ ಕೊಟ್ಟು ಅಟ್ಟಾಡಿಸಬಲ್ಲದು. ಸುಲ್ತಾನ್ ಖಾನನು ಅವಸರಪಡಲಿಲ್ಲ. ಮೊದಲು ರಾಜನಿಗೆ ಆಸರೆ ಕಲ್ಪಿಸಿದನು, ಕಾಪಾಬ್ಲಾಂಕಾನ ಮಂತ್ರಿಗೆ ಒಳಬರಲು ದಾರಿಯಿಲ್ಲದಂತೆ ಒಂದೊಂದೇ ಬಾಗಿಲನ್ನು ಮುಚ್ಚಿದನು, ಆನೆಗಳನ್ನು ಜೋಡಿಸಿದನು. ಆಟ ಅರವತ್ತು ನಡೆಗಳನ್ನು ದಾಟಿತು. ಕಡೆಗೆ ಸೋಲೊಪ್ಪಿದವನು ಕಾಪಾಬ್ಲಾಂಕಾ. ತಾಳ್ಮೆಯ ಆಟಕ್ಕೆ ಹೆಸರಾದವನನ್ನು ತಾಳ್ಮೆಯಿಂದಲೇ ಗೆದ್ದ ಈ ಆಟವು ಆತನ ಆಟಗಳಲ್ಲೆಲ್ಲ ಪ್ರಸಿದ್ಧವಾದುದು.

ಅನಂತರದ ಫಲಿತಾಂಶಗಳನ್ನು ಬೇಗನೆ ಹೇಳಿಬಿಡಬಹುದು. 1931ರಲ್ಲಿ ಟಾರ್ಟಕೋವರನೊಡನೆ ಆಡಿದ ಹನ್ನೆರಡು ಆಟಗಳ ಸ್ಪರ್ಧೆಯಲ್ಲಿ ನಾಲ್ಕು ಗೆಲುವು, ಮೂರು ಸೋಲು, ಐದು ಸಮ. 1932ರ ಲಂಡನ್ ಪಂದ್ಯಾವಳಿಯಲ್ಲಿ ಅಲೆಖಿನ್ ಮತ್ತು ಫ್ಲೋರ್ ಇಬ್ಬರ ಹಿಂದೆ, ಅಮೆರಿಕದ ಕ್ಯಾಶ್ಡನ್ನನೊಡನೆ ಮೂರನೆಯ ಸ್ಥಾನ. ಫ್ಲೋರನೊಡನೆ ಆಡಿದ ಆರು ಆಟಗಳ ಸ್ಪರ್ಧೆಯಲ್ಲಿ ಮಾತ್ರ ಅಲ್ಪ ಅಂತರದ ಸೋಲು. ಬ್ರಿಟಿಷ್ ರಾಷ್ಟ್ರೀಯ ಪಂದ್ಯದಲ್ಲಿ 1932ರಲ್ಲಿಯೂ 1933ರಲ್ಲಿಯೂ ಮತ್ತೆ ಪ್ರಥಮ ಸ್ಥಾನ. ರಾಷ್ಟ್ರತಂಡಗಳ ಒಲಿಂಪಿಯಾಡಿನಲ್ಲಿ 1930, 1931, 1933 ಮೂರು ಬಾರಿಯೂ ಇಂಗ್ಲೆಂಡಿನ ಮೊದಲ ಹಲಗೆಯಲ್ಲಿ ಕುಳಿತವನು ಈತನೇ. 1931ರಲ್ಲಿ ಪ್ರಾಗ್ ನಗರದಲ್ಲಿ ಹದಿನೇಳು ಆಟಗಳನ್ನಾಡಿ ಎಂಟನ್ನು ಗೆದ್ದು ಎರಡನ್ನು ಮಾತ್ರ ಸೋತನು. ಅಲ್ಲಿ ಫ್ಲೋರನೂ ರೂಬಿನ್‌ಸ್ಟೈನನೂ ಆತನಿಗೆ ಸೋತರು. ಅಂದಿನ ಜಗಜ್ಜೇತ ಅಲೆಖಿನನೊಡನೆ ಆಟ ಸಮವಾಯಿತು.

ಇದೆಲ್ಲವನ್ನೂ ಆತನು ಸಾಧಿಸಿದುದು ದೇಹಸೌಖ್ಯವಿಲ್ಲದೆ. ಮಲೇರಿಯಾ ಆಗಾಗ ಮರುಕಳಿಸುತ್ತಿದ್ದಿತು. ಇಂಗ್ಲೆಂಡಿನ ತೇವದ ಚಳಿಗೆ ನೆಗಡಿಯೂ ಗಂಟಲಬೇನೆಯೂ ಬಿಡುತ್ತಿರಲಿಲ್ಲ. ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡೇ ಹಲಗೆಯ ಮುಂದೆ ಕುಳಿತಿದ್ದುದನ್ನು ಕಂಡವರು ಬರೆದಿದ್ದಾರೆ. ಅದೇ ಮನೆವಾರ್ತೆಯಿಂದ ಇನ್ನೊಬ್ಬ ಆಟಗಾರ್ತಿಯೂ ಹೊರಬಂದಳೆಂಬುದನ್ನು ಇಲ್ಲಿ ಹೇಳದೆ ಬಿಡಲಾಗದು. ಮಿಸ್ ಫಾತಿಮಾ ಎಂದು ದಾಖಲೆಗಳಲ್ಲಿ ಹೆಸರಿರುವ ಆಕೆ 1933ರ ಬ್ರಿಟಿಷ್ ಮಹಿಳಾ ಪಂದ್ಯವನ್ನು ಹನ್ನೊಂದು ಆಟಗಳಲ್ಲಿ ಹತ್ತು ಗೆಲುವು, ಒಂದು ಸಮ ಎಂಬ ಅಪೂರ್ವ ಅಂಕಗಳಿಂದ ಗೆದ್ದಳು.

ಸುಲ್ತಾನ್ ಖಾನನ ಸಾಮಾಜಿಕ ಸ್ಥಿತಿಯ ವಿಷಯದಲ್ಲಿ ಭಿನ್ನಾಭಿಪ್ರಾಯವಿದೆ. ಆತನು ಅಕ್ಷರ ಬಾರದ ಸೇವಕನೆಂದೂ, ಅತಿಥಿಗಳಾಗಿ ಬಂದ ಅಮೆರಿಕದ ಆಟಗಾರರಿಗೆ ಊಟ ಬಡಿಸಬೇಕಾಗಿ ಬಂದಿತೆಂದೂ ಆ ಅತಿಥಿಗಳಲ್ಲೊಬ್ಬನಾದ ರೂಬೆನ್ ಫೈನ್ ಮೊದಲಾದ ಪಾಶ್ಚಾತ್ಯ ಲೇಖಕರು ಬರೆದರು. ಆ ಚಿತ್ರವು ನಿಜವಲ್ಲ, ಆತನದು ಸ್ವಂತ ಭೂಮಿಯಿದ್ದ ಗೌರವಸ್ಥ ಮನೆತನವೆಂದು ಆತನ ವಂಶಜರು ಪ್ರತಿವಾದಿಸಿದ್ದಾರೆ. ಹೊರಗಿನವರು ಕಂಡ ಒಂದು ಸಂಜೆಗಿಂತ ಮನೆಯವರ ಮಾತಿಗೆ ಹೆಚ್ಚಿನ ತೂಕವಿದೆಯೆಂದು ನಮ್ಮ ಅಭಿಪ್ರಾಯ. ಆದರೆ ಒಂದು ಸಂಗತಿಯಲ್ಲಿ ವಿವಾದವಿಲ್ಲ. 1933ರ ಡಿಸೆಂಬರಿನಲ್ಲಿ ಉಮರ್ ಹಯಾತ್ ಖಾನನು ಭಾರತಕ್ಕೆ ಹಿಂದಿರುಗಿದಾಗ, ರಾಷ್ಟ್ರೀಯ ವಿಜೇತನ ಪಟ್ಟದಲ್ಲಿದ್ದ ಆಟಗಾರನೂ ಆತನೊಡನೆ ಹಿಂದಿರುಗಿದನು. ಮತ್ತೆಂದೂ ಯೂರೋಪಿನಲ್ಲಿ ಆಡಲಿಲ್ಲ. ಆ ಚಳಿಯನ್ನು ಬಿಟ್ಟುಬಂದುದು ಆತನಿಗೆ ಸಂತೋಷವನ್ನೇ ತಂದಿತೆಂದು ಫಾತಿಮಾ ಅನಂತರ ನೆನೆಸಿಕೊಂಡಳು.

1935ರಲ್ಲಿ ಖಾಡಿಲ್ಕರ್ ಎಂಬ ಆಟಗಾರನೊಡನೆ ಹತ್ತು ಆಟಗಳ ಸ್ಪರ್ಧೆಯನ್ನಾಡಿ ಒಂದನ್ನು ಮಾತ್ರ ಸಮ ಮಾಡಿಕೊಂಡು ಉಳಿದುವನ್ನೆಲ್ಲ ಗೆದ್ದನು. ಅಲ್ಲಿಗೆ ಚದುರಂಗ ಪ್ರಪಂಚದಲ್ಲಿ ಆತನ ಸುದ್ದಿ ನಿಂತಿತು. ದೇಶ ವಿಭಾಗವಾದ ಮೇಲೆ ಆತನು ಪಾಕಿಸ್ತಾನದ ಪ್ರಜೆಯಾಗಿ ಹುಟ್ಟಿದ ಪ್ರದೇಶದಲ್ಲಿಯೇ ವ್ಯವಸಾಯಗಾರನಾಗಿ ಬಾಳಿದನು. ಮಕ್ಕಳಿಗೆ ಆಟವನ್ನು ಕಲಿಸಲು ಒಪ್ಪದೆ, ಇದಕ್ಕಿಂತ ಉಪಯುಕ್ತವಾದ ಕೆಲಸವನ್ನು ಮಾಡಿರೆಂದು ಹೇಳಿದನೆಂದು ಮನೆಯವರಿಂದ ತಿಳಿದುಬಂದಿದೆ.

1950ರಲ್ಲಿ ಅಂತರರಾಷ್ಟ್ರೀಯ ಚದುರಂಗ ಸಂಸ್ಥೆಯು ಮೊಟ್ಟಮೊದಲ ಬಾರಿಗೆ ಗ್ರ್ಯಾಂಡ್‌ಮಾಸ್ಟರ್ ಪದವಿಗಳನ್ನು ಕೊಟ್ಟಿತು. ಇಪ್ಪತ್ತೇಳು ಮಂದಿಯ ಆ ಪಟ್ಟಿಯಲ್ಲಿ ಯೂವೆ ಇದ್ದನು, ಟಾರ್ಟಕೋವರ್ ಇದ್ದನು, ಫ್ಲೋರ್ ಇದ್ದನು. ಬಹುಕಾಲದ ಹಿಂದೆಯೇ ಆಟವನ್ನು ಬಿಟ್ಟಿದ್ದ ರೂಬಿನ್‌ಸ್ಟೈನನೂ ಇದ್ದನು. ಇವರಲ್ಲಿ ಮೂವರನ್ನು ಸೋಲಿಸಿದ್ದ ಸುಲ್ತಾನ್ ಖಾನನ ಹೆಸರು ಅದರಲ್ಲಿ ಇರಲಿಲ್ಲ. ಅದಕ್ಕಿಂತ ಕೆಳಗಿನ ಪದವಿಯೂ ಆತನಿಗೆ ಬರಲಿಲ್ಲ. ಆಟ ಬಿಟ್ಟು ದೂರವಿದ್ದುದೇ ಕಾರಣವೆಂದರೆ ರೂಬಿನ್‌ಸ್ಟೈನನ ಉದಾಹರಣೆ ಎದುರಿಗೆ ನಿಲ್ಲುತ್ತದೆ.

ಆತನ ಬಲವನ್ನು ಅಳೆಯುವ ಸಾಧನವೂ ಆಗ ಇರಲಿಲ್ಲ. ಆಟಗಾರರ ಬಲವನ್ನು ಸಂಖ್ಯೆಯಲ್ಲಿ ಹೇಳುವ ಕ್ರಮವನ್ನು ಅಮೆರಿಕದ ಭೌತಶಾಸ್ತ್ರದ ಪ್ರಾಧ್ಯಾಪಕ ಆರ್ಪಾಡ್ ಈಲೋ ರೂಪಿಸಿದನು. ಅಂತರರಾಷ್ಟ್ರೀಯ ಸಂಸ್ಥೆಯು ಅದನ್ನು 1970ರಲ್ಲಿ ಒಪ್ಪಿಕೊಂಡಿತು. ಇಬ್ಬರ ನಡುವೆ 200 ಅಂಕಗಳ ಅಂತರವಿದ್ದರೆ, ಮೇಲಿನವನು ನೂರು ಆಟಗಳಲ್ಲಿ ಸುಮಾರು 76 ಅಂಕಗಳನ್ನು ಪಡೆಯುವನೆಂದು ಅದರ ಗಣನೆ. ಹಳೆಯ ಆಟಗಾರರ ಫಲಿತಾಂಶಗಳಿಗೂ ಈಲೋ ಇದೇ ಅಳತೆಗೋಲನ್ನು ಹಚ್ಚಿ ನೋಡಿದಾಗ ಸುಲ್ತಾನ್ ಖಾನನ ಪಾಲಿಗೆ ಬಂದ ಸಂಖ್ಯೆ 2530. ಇದು ನಿಸ್ಸಂದೇಹವಾಗಿ ಗ್ರ್ಯಾಂಡ್‌ಮಾಸ್ಟರನ ಮಟ್ಟ.

ಸುಲ್ತಾನ್ ಖಾನನು 1966ರ ಏಪ್ರಿಲ್ 25ರಂದು ಸರ್ಗೋಧಾದಲ್ಲಿ ತೀರಿಕೊಂಡನು. ಅಂತರರಾಷ್ಟ್ರೀಯ ಸಂಸ್ಥೆಯು ಆತನಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನು ಕೊಟ್ಟುದು 2024ರಲ್ಲಿ.